ದಪ್ಪ ಮನುಷ್ಯನನ್ನು ಮೊದಲು ಆರಿಸಿದ್ದು

ನಾರ್ಬರ್ಟ್ ಡೆಲ್ವೋ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಆಗಸ್ಟ್ ತಿಂಗಳ ಒಂದು ಮಂಗಳವಾರ, ಬೆಳಗಿನ ಪೂಜೆ ಮುಗಿದ ಮೇಲೆ. ನಾನು ನಮ್ಮ ಸೇಂಟ್ ಹ್ಯೂಬರ್ಟ್ ಚರ್ಚಿನಲ್ಲಿ ಮೇಣದ ಬತ್ತಿಯ ಕಂಬಗಳನ್ನು ಒರೆಸುತ್ತಿದ್ದೆ. ನಲವತ್ತು ವರ್ಷದಿಂದ ಆ ಚರ್ಚನ್ನು ನೋಡಿಕೊಳ್ಳುವವನು ನಾನೇ. ಆಗ ನಾರ್ಬರ್ಟನ ಹೆಂಡತಿಯ ತಮ್ಮ ಆರ್ವಿಲ್ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದ. ಬಂದವನು ಮೊದಲು ಸೆಕೆಯ ವಿಚಾರ ಮಾತಾಡಿದ. ಆಮೇಲೆ ಮೇಣದ ಬತ್ತಿ ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದ. ಆಮೇಲೆ ಹೇಳಿದ:

"ಭಾವ ಇವತ್ತು ತಿಂಡಿಗೆ ಏಳಲಿಲ್ಲ, ಕ್ಲೆಮ್. ಇನ್ನು ಏಳೋದಿಲ್ಲವಂತೆ. ಡಾಕ್ಟರು ಹೇಳಿದರು. ನಾನು ಎರಡು ಸಲ ಕೇಳಿದೆ."

ನಾನು ಕೈಯಲ್ಲಿದ್ದ ಕಂಬವನ್ನು ಕೆಳಗಿಟ್ಟು ಅಲ್ಲೇ ಮಂಡಿಯೂರಿದೆ. ಆರ್ವಿಲ್ ಕೂಡ ಪಕ್ಕದಲ್ಲಿ ಮಂಡಿಯೂರಿದ, ಆದರೆ ಬಾಗಿಲ ಕಡೆ ಮುಖ ಮಾಡಿ. ಅವನನ್ನು ತಿರುಗಿಸುವಷ್ಟು ತ್ರಾಣ ಆಗ ನನ್ನಲ್ಲಿರಲಿಲ್ಲ.

ನಾರ್ಬರ್ಟನಿಗೆ ಅರವತ್ತಾರು, ನನಗೆ ಎಪ್ಪತ್ತೊಂಬತ್ತು. ಮೊದಲು ಹೋಗಬೇಕಾದವನು ನಾನು. ಚೀಸ್ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದ ಅವನು ಮುನ್ನೂರ ಹತ್ತು ಪೌಂಡು ತೂಗುತ್ತಿದ್ದ. ಶಾಲೆಯಲ್ಲಿದ್ದಾಗ ನಮ್ಮ ಅಮೆರಿಕದ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಎಸೆದು ಆಡುವ ಆಟದ ತಂಡದಲ್ಲಿ ತಡೆಸಾಲಿನವನಾಗಿ ಆಡಿದವನು. ತಡೆಸಾಲಿನವರೆಂದರೆ ಎದುರಾಳಿಯ ಮುಂದೆ ಗೋಡೆಯಂತೆ ಕುಳಿತು, ಚೆಂಡು ಎಸೆಯುವವನನ್ನು ಎಸೆಯುವುದಕ್ಕೆ ಮೊದಲೇ ಕೆಡವಲು ನೋಡುವ ದಪ್ಪ ಮನುಷ್ಯರು. ಅವರ ಹೆಸರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮದೊಂದು ಕೂಟವಿದೆ. ಹತ್ತು ಜನ, ಹತ್ತು ಕಬ್ಬಿಣದ ಕುರ್ಚಿ, ಹತ್ತು ಕಾಗದದ ತಂಡ. ಭಾನುವಾರಗಳಲ್ಲಿ ದೊಡ್ಡ ತಂಡಗಳಿಗೆ ನಿಜವಾಗಿ ಆಡುವ ಆಟಗಾರರನ್ನು ನಾವು ಆಟದ ಋತುವಿನ ಮೊದಲು ಸರದಿಯ ಪ್ರಕಾರ ಹಂಚಿಕೊಳ್ಳುತ್ತೇವೆ. ಅವರು ಮೈದಾನದಲ್ಲಿ ಮಾಡಿದ ಸಾಹಸಕ್ಕೆ ನಮ್ಮ ಕಾಗದದಲ್ಲಿ ಅಂಕ ಬೀಳುತ್ತದೆ. ಒಬ್ಬರು ಆರಿಸಿದವನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕ್ರಿಸ್ಮಸ್ಸಿನ ಹೊತ್ತಿಗೆ ಕೊನೆಯವನಾದವನು ಜನವರಿಯಲ್ಲಿ ಚರ್ಚಿನ ಬೂಯಾ ಸಾರಿನ ಮೂರು ಹಂಡೆಗಳನ್ನು ಅಂಗಳದಲ್ಲಿ ಕೂತು ತೊಳೆಯಬೇಕು. ಕೋಳಿ, ಗೋಮಾಂಸ, ತರಕಾರಿ ಎಲ್ಲ ಕುದಿದು ತಳ ಹಿಡಿದ ಹಂಡೆಯನ್ನು ನಮ್ಮೂರ ಜನವರಿಯಲ್ಲಿ ತೊಳೆದವನಿಗೆ ಪಾಪನಿವೇದನೆ ಬೇರೆ ಬೇಕಾಗಿಲ್ಲ ಎಂದು ಫಾದರ್ ಆನ್ಸೆಲ್ಮ್ ಅವರೇ ಹೇಳುತ್ತಾರೆ.

ಕೂಟದ ನಿಯಮಗಳನ್ನು ಬರೆದವನು ನಾರ್ಬರ್ಟ್. ಅದರಲ್ಲಿ ಒಂದು ಹೀಗಿದೆ: ಸದಸ್ಯನೊಬ್ಬ ತೀರಿಕೊಂಡರೆ ಅವನ ಮನೆಯವರು ತಮ್ಮಲ್ಲೊಬ್ಬನನ್ನು ಅವನ ಕುರ್ಚಿಯಲ್ಲಿ ಕೂರಿಸಬಹುದು. ಆ ವರ್ಷ ಮೊದಲ ಆಯ್ಕೆ ಅವನದು. ಆದರೆ ಅವನು ಕೊನೆಯವನಾದರೆ ಕುರ್ಚಿ ಬೇರೆಯವರಿಗೆ, ಅದರ ಬೆನ್ನಿನ ಮೇಲೆ ಬರೆದ ತೀರಿಕೊಂಡವನ ಹೆಸರನ್ನು ಕೆರೆದು ಹಾಕಬೇಕು. ಈ ನಿಯಮವನ್ನು ಬರೆದಾಗ ನಾರ್ಬರ್ಟ್ ಯಾರ ಸಾವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಗೊತ್ತಿಲ್ಲ. ನನ್ನದೇ ಇರಬೇಕು.

ನಾರ್ಬರ್ಟನ ಕುರ್ಚಿಗೆ ಅವನ ಭಾರಕ್ಕಾಗಿ ಕೆಳಗೆ ಎರಡು ಸರಳು ಹೆಚ್ಚಿಗೆ ಬೆಸೆದಿದ್ದರು. ಅವನಿಗೆ ಮಕ್ಕಳಿಲ್ಲ. ಹೆಂಡತಿ ಲಿಯೋನಾ ಅಂದೇ ಸಂಜೆ ನನ್ನನ್ನು ಕರೆಸಿ, ಕುರ್ಚಿಯಲ್ಲಿ ಆರ್ವಿಲ್ ಕೂರುತ್ತಾನೆ ಎಂದು ತಿಳಿಸಿದರು. ನಾನು ಮುಖದಲ್ಲಿ ಏನೂ ತೋರಿಸದಿರಲು ಪ್ರಯತ್ನಪಟ್ಟೆ, ಆದರೆ ಅವರು ನನ್ನನ್ನು ಬಲ್ಲವರು.

"ಅವನು ಎಂಥವನು ಅಂತ ನನಗೂ ಗೊತ್ತು ಕ್ಲೆಮ್," ಎಂದರು. "ಕಲ್ಲಿನ ಮೇಲಿನ ಹೆಸರು ನೋಡೋಕೆ ನಾನು ಸ್ಮಶಾನಕ್ಕೆ ಹೋಗಬೇಕು. ಕುರ್ಚಿ ಮೇಲಿನ ಹೆಸರನ್ನ ನೀವೆಲ್ಲ ಪ್ರತಿ ವಾರ ನೋಡ್ತೀರ. ಅದು ಇರಲಿ."

ಆರ್ವಿಲ್ ಎಂಥವನೆಂದು ಇಲ್ಲಿ ಹೇಳಿಬಿಡಬೇಕು. ಅವನು ಪಟ್ಟಣದ ನೀರಿನ ಮೀಟರು ಓದುವವನು. ಒಮ್ಮೆ ಮೀಟರಿನ ಎದುರು ತಪ್ಪು ದಿಕ್ಕಿನಲ್ಲಿ ಬಗ್ಗಿ ನಿಂತು, ಒಂಟಿ ಮುದುಕಿಯೊಬ್ಬಳು ಇಡೀ ಚೀಸ್ ಕಾರ್ಖಾನೆಯಷ್ಟು ನೀರು ಕುಡಿದಿದ್ದಾಳೆಂದು ಬರೆದುಕೊಂಡು ಬಂದಿದ್ದ. ಒಳ್ಳೆಯವನು, ದೇವರಿಗೆ ಹೆದರುವವನು, ಯಾವ ಕೆಲಸವನ್ನೂ ನಾಲ್ಕು ಜನರನ್ನು ಕೇಳದೆ ಮಾಡುವವನಲ್ಲ. ಐವರನ್ನು ಕೇಳಿ, ಐದನೆಯವನು ಹೇಳಿದ್ದನ್ನು ಮಾತ್ರ ಮಾಡುತ್ತಿದ್ದ.

ನಾರ್ಬರ್ಟ್ ತನ್ನ ಹೃದಯದ ಸ್ಥಿತಿ ತಿಳಿದ ಮೇಲೆ ಅಡುಗೆಮನೆಯ ಗಡಿಯಾರದ ಹಿಂದೆ ಎರಡು ಲಕೋಟೆ ಇಟ್ಟಿದ್ದ. ಒಂದರಲ್ಲಿ ತನ್ನ ಶವಪೆಟ್ಟಿಗೆಯನ್ನು ಹೊರುವ ಆರು ಜನ ಎಂಥವರಿರಬೇಕೆಂದು ಬರೆದಿದ್ದ. ಇನ್ನೊಂದರಲ್ಲಿ ಈ ವರ್ಷದ ಆಟಕ್ಕೆ ಎಂಥವರನ್ನು ಆರಿಸಬೇಕೆಂದು. ಯಾವುದಕ್ಕೂ ತಲೆಬರಹವಿರಲಿಲ್ಲ. ತನ್ನ ಮನಸ್ಸಿನಲ್ಲಿದ್ದದ್ದು ಊರಿಗೆಲ್ಲ ಗೊತ್ತು ಎಂದು ತಿಳಿದ ಮನುಷ್ಯ ಅವನು. ಎಡಗಡೆಯದು ಅಂತ್ಯಕ್ರಿಯೆಯದು, ಬಲಗಡೆಯದು ಆಟದ್ದು ಎಂದು ಲಿಯೋನಾಗೆ ಹೇಳಿದ್ದ. ಲಿಯೋನಾ ಅದನ್ನೇ ತಮ್ಮನಿಗೆ ಹೇಳಿದರು. ತಮ್ಮ ಗಡಿಯಾರವನ್ನು ಗೋಡೆಯಿಂದ ಇಳಿಸಿದ, ಹಿಂದುಮುಂದಾಗಿ ತಿರುಗಿಸಿ ಮೇಜಿನ ಮೇಲೆ ಮಲಗಿಸಿದ, ಆಮೇಲೆ ಎಡ ಯಾವುದು ಬಲ ಯಾವುದು ಎಂದು ನೋಡಿದ.

ಲಕೋಟೆಗಳು ಹೀಗೆ ಅದಲುಬದಲಾದದ್ದು ನನಗೆ ತಿಳಿದದ್ದು ಐದು ತಿಂಗಳ ಮೇಲೆ. ಓದುವವರು ಈಗಲೇ ತಿಳಿದುಕೊಳ್ಳಲಿ. ನಾವು ಪೇಚಾಡಿದ್ದು ಸಾಕು.

ಅಂತ್ಯಕ್ರಿಯೆ ಶುಕ್ರವಾರ. ಪೆಟ್ಟಿಗೆ ಹೊರುವವರು ತಾವೇ ಎಂದು ಕೂಟದವರೆಲ್ಲ ಕರಿ ಸೂಟು ಇಸ್ತ್ರಿ ಮಾಡಿಸಿಟ್ಟಿದ್ದರು. ಕಸಾಯಿ ಮಾರ್ಸೆಲ್ ಅಂತೂ ಹೊಸ ಬೂಟು ಕೊಂಡಿದ್ದ. ಅರ್ಧ ದನವನ್ನು ಹೆಗಲ ಮೇಲೆ ಹಾಕಿಕೊಂಡು ನಡೆಯುವ ಮನುಷ್ಯ. ಆರ್ವಿಲ್ ಲಕೋಟೆಯ ಕಾಗದ ಕೈಯಲ್ಲಿ ಹಿಡಿದು ಚರ್ಚಿನ ಮುಂಬಾಗಿಲಲ್ಲಿ ನಿಂತು, ಮಾರ್ಸೆಲನನ್ನು ಮೇಲಿಂದ ಕೆಳಗೆ ನೋಡಿ, ತುಂಬ ಸಂಕೋಚದಿಂದ ಬೇಡ ಎಂದ.

"ಬೇಡವಾ?" ಎಂದ ಮಾರ್ಸೆಲ್.

"ಭಾವ ಬರೆದಿಟ್ಟಿದ್ದಾರೆ. 'ಮೊದಲು ವೇಗವಾಗಿ ಓಡುವವರು ಇಬ್ಬರು. ಮೂವತ್ತು ದಾಟಿದವರನ್ನು ಮುಟ್ಟಬೇಡ. ದಪ್ಪ ಮನುಷ್ಯನನ್ನು ಕೊನೆಗೆ ನೋಡಿಕೊಂಡರಾಯಿತು, ಮೊದಲೇ ಹಿಡಿದರೆ ಜನ ನಗುತ್ತಾರೆ.' ನೋಡಿ, ಅವರದೇ ಅಕ್ಷರ."

ಮಾರ್ಸೆಲ್ ನೋಡಿದ. ಅವರದೇ ಅಕ್ಷರ. ಅವನು ಹಿಂದಿನ ಬೆಂಚಿಗೆ ಹೋಗಿ ಕುಳಿತ. ಹೊಸ ಬೂಟು ಉದ್ದಕ್ಕೂ ಕಿರುಗುಟ್ಟಿತು.

ಆರ್ವಿಲ್ ಹುಡುಕಿ ತಂದವರಲ್ಲಿ ಇಬ್ಬರು ಓಟದ ಪಂದ್ಯದವರು, ಒಬ್ಬ ಸೈಕಲ್ ಅಂಗಡಿಯವನು, ಉಳಿದ ಮೂವರು ನಾನು ಹೆಸರು ಮರೆತ ತೆಳ್ಳನೆಯ ತರುಣರು. ಕಾಗದದಲ್ಲಿ 'ಮೊಣಕಾಲಿನ ಬಗ್ಗೆ ವಿಚಾರಿಸು' ಎಂದೂ ಇದ್ದುದರಿಂದ ಒಬ್ಬೊಬ್ಬರ ಮೊಣಕಾಲನ್ನೂ ವಿಚಾರಿಸಿದ. ನಮ್ಮ ಸ್ಮಶಾನ ಚರ್ಚಿನ ಹಿಂದಿನ ಇಳಿಜಾರಿನಲ್ಲಿದೆ. ಮೊದಲ ಇಪ್ಪತ್ತು ಹೆಜ್ಜೆ ಗೌರವದಿಂದ ನಡೆದವು. ಆಮೇಲೆ ಭಾರ ಆ ಹುಡುಗರನ್ನು ನಡೆಸತೊಡಗಿತು. ನಡಿಗೆ ಬಿರುಸಾಯಿತು, ಬಿರುಸು ಓಟವಾಯಿತು. ಮುಂದೆ ಶಿಲುಬೆ ಹಿಡಿದಿದ್ದ ಫಾದರ್ ಆನ್ಸೆಲ್ಮ್ ಹಿಂದೆ ತಿರುಗಿ ನೋಡಿ, ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ತಾವೂ ಓಡಿದರು. ಗಂಟೆ ಬಾರಿಸುತ್ತಿದ್ದವನು ನಾನು. ಅರವತ್ತಾರು ಬಾರಿಸಬೇಕಿತ್ತು. ಮೂವತ್ತನೆಯದಕ್ಕೆ ನಾರ್ಬರ್ಟ್ ಗುಂಡಿಯ ಪಕ್ಕದಲ್ಲಿದ್ದ.

ಲಿಯೋನಾ ನಿಧಾನವಾಗಿ ಇಳಿದು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ನಲವತ್ತು ವರ್ಷದಲ್ಲಿ ಇವರು ಎಲ್ಲಿಗೂ ನನಗಿಂತ ಮುಂಚೆ ತಲುಪಿದ್ದೇ ಇಲ್ಲ," ಎಂದರು. ಆಮೇಲೆ ಅತ್ತರು.

ಮುಂದಿನ ಭಾನುವಾರ ಮಧ್ಯಾಹ್ನ ಆಟಗಾರರ ಆಯ್ಕೆ. ಈ ವರ್ಷದ ಆಯ್ಕೆಗೆ ಒಂದು ವಿಶೇಷವಿತ್ತು. ಎಸೆಯುವವನನ್ನು ತಡೆಸಾಲಿನವನು ಕೆಡವಿದರೆ ಮೊದಲು ಎರಡು ಅಂಕವಿತ್ತು, ವಸಂತದಲ್ಲಿ ನಾರ್ಬರ್ಟ್ ತಾನೇ ಸೂಚಿಸಿ ಅದನ್ನು ನಾಲ್ಕು ಮಾಡಿಸಿದ್ದ. ಪಾಪ, ಅವರಿಗೂ ಸ್ವಲ್ಪ ಮರ್ಯಾದೆ ಸಿಗಲಿ ಎಂದಿದ್ದ. ಹಾಗಾದರೆ ಅವರನ್ನು ಬೇಗ ಆರಿಸಬೇಕೇ ಎಂದು ನಾವು ಬೇಸಿಗೆಯೆಲ್ಲ ಚರ್ಚಿಸಿದ್ದೆವು. ನಿಜವಾಗಿ ಒಳ್ಳೆಯ ತಡೆಸಾಲಿನವರು ನಾಲ್ಕೈದು ಜನ, ಅವರು ಹೋದರೆ ಉಳಿದವರು ಬರೀ ಮಾಂಸ ಎಂಬುದು ಮಾರ್ಸೆಲನ ವಾದ. ಅವರು ಒಂದು ವಾರ ಮೂರು ಸಲ ಕೆಡವಿ ಮುಂದಿನ ನಾಲ್ಕು ವಾರ ಯಾರನ್ನೂ ಮುಟ್ಟದೆ ಇರುತ್ತಾರೆ, ಓಡುವವನು ಪ್ರತಿ ವಾರ ಓಡುತ್ತಾನೆ ಎಂಬುದು ನಾರ್ಬರ್ಟನ ವಾದ. ತಡೆಸಾಲಿನವನನ್ನು ಹತ್ತನೆಯ ಸುತ್ತಿಗೆ ಮೊದಲು ಆರಿಸುವವನು ಊಟಕ್ಕೆ ಕೂತು ತಟ್ಟೆಯಿಂದ ಶುರುಮಾಡುವವನು ಎಂದು ಅವನು ಮೂವತ್ತೊಂದು ವರ್ಷ ಹೇಳಿದ್ದ. ನಾವೆಲ್ಲ ಅದನ್ನು ಧರ್ಮದಂತೆ ಪಾಲಿಸಿಕೊಂಡು ಬಂದಿದ್ದೆವು.

ಆರ್ವಿಲ್ ಆ ಸರಳು ಬೆಸೆದ ಕುರ್ಚಿಯಲ್ಲಿ ಕುಳಿತ. ಅವನ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಎರಡನೆಯ ಕಾಗದ ಬಿಚ್ಚಿ, ಪತ್ರಿಕೆಯಲ್ಲಿ ಬಂದಿದ್ದ ಆಟಗಾರರ ಪಟ್ಟಿಯ ಮೇಲೆ ಬೆರಳಾಡಿಸಿ, ಹೆಸರು ಹೇಳಿದ: ಒರ್ಲಾಂಡೊ ಪೆಟಿವೇ. ತೂಕ ಮುನ್ನೂರ ನಲವತ್ತೆರಡು ಪೌಂಡು. ತಡೆಸಾಲಿನವನು. ಆಡುವುದು ನಮ್ಮ ಗ್ರೀನ್ ಬೇ ತಂಡದ ಬದ್ಧವೈರಿಯಾದ ಶಿಕಾಗೊ ತಂಡಕ್ಕೆ.

ನೆಲಮಾಳಿಗೆಯಲ್ಲಿ ಕಾಫಿ ಪಾತ್ರೆ ಕುದಿಯುವುದು ಕೇಳಿಸಿತು. ಗ್ರೀನ್ ಬೇಯಿಂದ ಹದಿನೈದು ಮೈಲಿಯ ಒಳಗೆ, ಚರ್ಚಿನ ಸೂರಿನ ಕೆಳಗೆ, ಮೊದಲ ಆಯ್ಕೆಯಾಗಿ ಶಿಕಾಗೊದವನ ಹೆಸರನ್ನು ಯಾರೂ ಇದುವರೆಗೆ ಉಚ್ಚರಿಸಿರಲಿಲ್ಲ.

"ಆರ್ವಿಲ್, ಮಗು, ಇನ್ನೊಂದು ಸಲ ಯೋಚನೆ ಮಾಡು," ಎಂದೆ.

"ನಾನು ಯೋಚನೆ ಮಾಡ್ತಾ ಇಲ್ಲ ಕ್ಲೆಮ್. ಭಾವ ಬರೆದಿದ್ದಾರೆ." ಅವನು ಗಟ್ಟಿಯಾಗಿ ಓದಿದ. "'ಮೊದಲ ಇಬ್ಬರು ದಪ್ಪ ಮನುಷ್ಯರೇ ಆಗಬೇಕು, ಮುನ್ನೂರು ಪೌಂಡಿಗೆ ಕಡಿಮೆ ಇರಬಾರದು. ನಾಚಿಕೆ ಬೇಡ. ಬೇರೆಯವರು ಕರೆಯುವ ಮೊದಲೇ ಹಿಡಿ. ಉಳಿದವರು ಯಾರಾದರೂ ಆಗಲಿ, ಎದುರಿಗೆ ನಿಂತವರನ್ನೇ ಕರೆ.'"

ಕಾಗದ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಅಕ್ಷರ ಪರೀಕ್ಷಿಸಿದರು. ಮಾರ್ಸೆಲ್ ಅದನ್ನು ಬೆಳಕಿಗೂ ಹಿಡಿದು ನೋಡಿದ. ಆಮೇಲೆ ನಿಧಾನವಾಗಿ, ಸಾಯುವ ಮನುಷ್ಯ ಸುಳ್ಳು ಬರೆಯುವುದಿಲ್ಲ ಎಂದ. ಮೂವತ್ತೊಂದು ವರ್ಷ ನಮ್ಮೆಲ್ಲರಿಗೂ ತಪ್ಪು ದಾರಿ ತೋರಿಸಿ, ನಾಲ್ಕು ಅಂಕದ ನಿಯಮ ತಂದು, ಕೊನೆಗೆ ಗುಟ್ಟನ್ನು ಹೆಂಡತಿಯ ತಮ್ಮನಿಗೆ ಬಿಟ್ಟುಹೋಗಿದ್ದಾನೆ ಎಂದ. ನಾರ್ಬರ್ಟನ ಬುದ್ಧಿಯನ್ನು ನೋಡಿ ಎಲ್ಲರಿಗೂ ಗೌರವ ಉಂಟಾಯಿತು.

ಎರಡನೆಯ ಸರದಿ ಮಾರ್ಸೆಲನದು. ಅವನು ತಡೆಸಾಲಿನವನನ್ನು ಆರಿಸಿದ. ಮೂರನೆಯವನೂ ಹಾಗೇ ಮಾಡಿದ. ಮನುಷ್ಯರು ಒಬ್ಬರ ಹಿಂದೊಬ್ಬರು ಬಾವಿಗೆ ಬೀಳುವುದು ಹೇಗೆಂದು ನಾನು ಅಂದು ಕಣ್ಣಾರೆ ಕಂಡೆ. ಕಂಡು, ನನ್ನ ಸರದಿ ಬಂದಾಗ ನಾನೂ ಬಿದ್ದೆ. ಎರಡು ಸುತ್ತು ಮುಗಿಯುವಾಗ ಇಪ್ಪತ್ತು ದಪ್ಪ ಮನುಷ್ಯರು ಹಂಚಿಹೋಗಿದ್ದರು. ಅವರಲ್ಲಿ ಕೆಲವರು ಆ ವರ್ಷ ತಂಡದಲ್ಲಿ ಉಳಿಯುತ್ತಾರೋ ಇಲ್ಲವೋ ಅವರ ತಾಯಂದಿರಿಗೇ ಗೊತ್ತಿರಲಿಲ್ಲ. ಅಷ್ಟಕ್ಕೂ ನಿಲ್ಲದೆ ಕೆಲವರು ಮೂರನೆಯವನನ್ನೂ ಹಿಡಿದರು. ಆರ್ವಿಲ್ ಮಾತ್ರ ತನ್ನ ಇಬ್ಬರನ್ನು ಮುಗಿಸಿ, 'ಎದುರಿಗೆ ನಿಂತವರನ್ನೇ ಕರೆ' ಎಂಬ ಮಾತಿನಂತೆ ಪತ್ರಿಕೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಹೆಸರನ್ನು ಓದಿದ. ಅದು ದೇಶದಲ್ಲೇ ಅತಿ ವೇಗದ ಓಟಗಾರನ ಹೆಸರು. ಮುಂದಿನ ಸರದಿಗೂ ಹಾಗೆಯೇ ಓದಿದ. ಅವನಿಗೆ ಅವರು ಯಾರೆಂದು ತಿಳಿದಿರಲಿಲ್ಲ. ನಮಗೆ ತಿಳಿದಿತ್ತು, ಆದರೆ ನಾವು ದಪ್ಪ ಮನುಷ್ಯರಲ್ಲಿ ಮಗ್ನರಾಗಿದ್ದೆವು.

ಊರಿಗೆ ತಲುಪಿದ ಸುದ್ದಿ ಒಂದೇ: ನಾರ್ಬರ್ಟನ ಕುರ್ಚಿಯಲ್ಲಿ ಶಿಕಾಗೊದವನನ್ನು ಕೂರಿಸಿದ್ದಾರೆ. ಊರೆಲ್ಲ ಸೇರುವ ಶುಕ್ರವಾರದ ಮೀನಿನ ಊಟದಲ್ಲಿ ಆರ್ವಿಲ್ ಪಕ್ಕ ಯಾರೂ ಕೂರಲಿಲ್ಲ. ಕ್ಷೌರಿಕ ಅವನ ಕೂದಲನ್ನು ಒಂದು ಕಡೆ ಮಾತ್ರ ಕತ್ತರಿಸಿ, ಇನ್ನೊಂದು ಕಡೆಯನ್ನು ಶಿಕಾಗೊದಲ್ಲಿ ಮಾಡಿಸಿಕೋ ಎಂದ. ಆರ್ವಿಲ್ ಅಲ್ಲಿಗೆ ಎಷ್ಟು ದೂರವಾಗುತ್ತದೆ ಎಂದು ನನ್ನನ್ನು ಕೇಳಿದ.

ನಾಲ್ಕನೆಯ ವಾರ ಪೆಟಿವೇಯ ಮೊಣಕಾಲಿಗೆ ಪೆಟ್ಟಾಯಿತು. ಹೆಣ ಹೊರುವವರದ್ದನ್ನು ವಿಚಾರಿಸಿದ್ದ ಆರ್ವಿಲ್ ಇವನದ್ದನ್ನು ವಿಚಾರಿಸಿರಲಿಲ್ಲ. ಅವನು ಗಾಬರಿಯಾಗಿ ಚರ್ಚಿನ ಮೊರೆಗಳ ಪುಸ್ತಕದಲ್ಲಿ ಬರೆದ. ಆ ಭಾನುವಾರ ಫಾದರ್ ಆನ್ಸೆಲ್ಮ್ ರೋಗಿಗಳ ಹೆಸರು ಓದುತ್ತ ಓದುತ್ತ ಒಂದು ಕಡೆ ತಡೆದು, ಕನ್ನಡಕ ಸರಿಮಾಡಿಕೊಂಡು ಓದಿದರು: "ಶಿಕಾಗೊ ನಗರದ ಒರ್ಲಾಂಡೊ ಪೆಟಿವೇಯ ಬಲ ಮೊಣಕಾಲಿಗಾಗಿ ಪ್ರಾರ್ಥಿಸೋಣ." 'ಪ್ರಭುವೇ, ನಮ್ಮ ಮೊರೆಯನ್ನು ಕೇಳು' ಎಂದು ಸಭೆ ಹೇಳಬೇಕು. ಹೇಳಿದವರು ಇಬ್ಬರು, ಆರ್ವಿಲ್ ಮತ್ತು ಲಿಯೋನಾ. ಈ ಪ್ರಾರ್ಥನೆಯ ಮೂರನೆಯ ವಾರಕ್ಕೆ ನಾನೂ ಹೇಳಿದೆ. ಮೊಣಕಾಲಿಗೆ ಊರು ಯಾವುದು ಎಂದು ದೇವರು ಕೇಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅವನಿಗೆ ಸಿಕ್ಕಿದ್ದ ಓಟಗಾರರ ಬಲದಿಂದ ಆರ್ವಿಲ್ ಸುಲಭವಾಗಿ ಗೆಲ್ಲಬೇಕಿತ್ತು. ಆದರೆ ಪ್ರತಿ ವಾರ ಯಾರನ್ನು ಆಡಿಸುತ್ತೇನೆಂದು ಲೆಕ್ಕ ಬರೆಯುವ ನನಗೆ ಚೀಟಿ ಕೊಡಬೇಕು. ಅವನು ಎರಡು ವಾರ ಚೀಟಿ ಮರೆತ, ಒಂದು ವಾರ ಹಿಂದಿನ ವಾರದ್ದನ್ನೇ ಕೊಟ್ಟ, ಮತ್ತೊಂದು ವಾರ ಲಿಯೋನಾರ ತರಕಾರಿ ಪಟ್ಟಿ ಕೊಟ್ಟ. ಹೀಗೆ ಜಾರುತ್ತ ಜಾರುತ್ತ, ಕ್ರಿಸ್ಮಸ್ಸಿನ ಹಿಂದಿನ ಭಾನುವಾರ, ಎಂಟು ಜನರ ಲೆಕ್ಕ ಮುಗಿದಾಗ ಕೆಳಗೆ ಉಳಿದವರು ಇಬ್ಬರೇ. ನಾನು, ನನಗಿಂತ ಮೂರು ಅಂಕ ಕೆಳಗೆ ಅವನು. ನನ್ನವರೆಲ್ಲ ಆಡಿ ಮುಗಿಸಿದ್ದರು. ಅವನಿಗೆ ಉಳಿದಿದ್ದವನು ಮೊಣಕಾಲು ವಾಸಿಯಾಗಿ ಅಂದೇ ಮರಳಿದ ಪೆಟಿವೇ ಒಬ್ಬ. ಮೂರು ಗಂಟೆಗೆ ಆಟ, ನಮ್ಮ ತಂಡಕ್ಕೂ ಶಿಕಾಗೊಗೂ.

ಹಾಗಾಗಿ ಪರಿಸ್ಥಿತಿ ಹೀಗಿತ್ತು. ನಾರ್ಬರ್ಟನ ಹೆಸರು ಕುರ್ಚಿಯ ಮೇಲೆ ಉಳಿಯಬೇಕಾದರೆ, ಶಿಕಾಗೊದ ಆ ದಪ್ಪ ಮನುಷ್ಯ ನಮ್ಮ ಹುಡುಗನನ್ನು, ನಾವು ಮಗನಂತೆ ಪ್ರೀತಿಸುವ ಚೆಂಡೆಸೆಯುವವನನ್ನು, ಒಮ್ಮೆಯಾದರೂ ನೆಲಕ್ಕೆ ಕೆಡವಬೇಕು. ನೆಲಮಾಳಿಗೆಯ ದೂರದರ್ಶನದ ಮುಂದೆ ಎಪ್ಪತ್ತು ಜನ ನಮ್ಮ ತಂಡದ ಹಸಿರು ಅಂಗಿ ತೊಟ್ಟು ಕುಳಿತಿದ್ದರು. ಲಿಯೋನಾ ನಾರ್ಬರ್ಟನ ಹಳೆಯ ಹಸಿರು ಕೋಟು ತೊಟ್ಟಿದ್ದರು. ಅದರಲ್ಲಿ ಅವರಂಥವರು ಇನ್ನಿಬ್ಬರು ಹಿಡಿಯುತ್ತಿದ್ದರು. ಮಾರ್ಸೆಲ್ ಕೆರೆಯುವ ಉಳಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ನಿಯಮ ನಿಯಮವೇ ಎಂದು ಹೇಳಿಕೊಂಡಿದ್ದ, ಆದರೆ ಉಳಿಯನ್ನು ಹೊರಗೆ ತೆಗೆಯಲಿಲ್ಲ.

ಆಟದ ನಾಲ್ಕು ಭಾಗಗಳಲ್ಲಿ ಮೂರು ಮುಗಿದರೂ ಪೆಟಿವೇ ನಮ್ಮ ಹುಡುಗನ ಹತ್ತಿರ ಸುಳಿಯಲಿಲ್ಲ. ಕೊನೆಯ ನಾಲ್ಕು ನಿಮಿಷವಿರುವಾಗ ನಮ್ಮವರು ಒಂಬತ್ತು ಅಂಕ ಮುಂದಿದ್ದರು. ಮುಂದಿದ್ದವರು ಎಸೆಯುವುದಿಲ್ಲ, ಚೆಂಡನ್ನು ಓಟಗಾರನ ಕೈಗಿಟ್ಟು ಹೊತ್ತು ಕಳೆಯುತ್ತಾರೆ. ಎಸೆಯದವನನ್ನು ಕೆಡವುವುದು ಹೇಗೆ? ಸಭೆ ಚಡಪಡಿಸಿತು. ಗೆಲ್ಲುತ್ತಿರುವ ತಂಡದವರು ಇಷ್ಟು ದುಃಖದಿಂದ ಆಟ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮೊದಲು ಬಾಯಿಬಿಟ್ಟವನು ಮಾರ್ಸೆಲ್.

"ಎಸೆಯೋ ಮಾರಾಯ," ಎಂದ ತಗ್ಗಿದ ದನಿಯಲ್ಲಿ. "ಒಂದೇ ಒಂದು ಸಲ."

ನಾನು ಕಣ್ಣು ಮುಚ್ಚಿದೆ. ನನ್ನ ಎಪ್ಪತ್ತೊಂಬತ್ತು ವರ್ಷದಲ್ಲಿ ನನಗೇ ಸೋಲಾಗಲಿ ಎಂದು ಬೇಡಿದ್ದು ಅದೇ ಮೊದಲು. ಹಂಡೆಗಳ ನೆನಪಾಗಿ ಪ್ರಾರ್ಥನೆ ಒಂದು ಕ್ಷಣ ತೊದಲಿತು, ಆದರೂ ಮುಗಿಸಿದೆ. ಕಣ್ಣು ತೆರೆದಾಗ ನಮ್ಮ ಹುಡುಗ ಯಾವ ಕಾರಣಕ್ಕೋ ಹಿಂದೆ ಸರಿದು ಕೈಯೆತ್ತಿದ್ದ. ಆಮೇಲೆ ಅವನು ಕಾಣಲಿಲ್ಲ. ಅವನಿದ್ದ ಜಾಗದಲ್ಲಿ ಪೆಟಿವೇ ಇದ್ದ.

ಫಾದರ್ ಆನ್ಸೆಲ್ಮ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಪೆಟಿವೇ ಕಷ್ಟಪಟ್ಟು ಎದ್ದ. ಕೆಳಗಿಂದ ನಮ್ಮ ಹುಡುಗನೂ ಎದ್ದು, ಹುಲ್ಲು ಕೊಡವಿಕೊಂಡು, ಅವನ ಬೆನ್ನು ತಟ್ಟಿದ. ಆಗ ಆ ದೊಡ್ಡ ಕೋಟಿನೊಳಗಿಂದ ಎರಡು ಸಣ್ಣ ಕೈಗಳು ಹೊರಬಂದು ಚಪ್ಪಾಳೆ ತಟ್ಟಿದವು. ಹಿಂದೆಯೇ ಮಾರ್ಸೆಲ್ ತಟ್ಟಿದ, ಆಮೇಲೆ ಎಲ್ಲರೂ.

ಆರ್ವಿಲ್ ನನ್ನ ತೋಳು ಹಿಡಿದು ಎಳೆದ. "ಕ್ಲೆಮ್, ಈಗ ಆಗಿದ್ದು ಒಳ್ಳೇದಾ, ಕೆಟ್ಟದ್ದಾ?"

"ನಿನಗೆ ಒಳ್ಳೇದು ಕಣೋ. ನನಗೆ ಹಂಡೆ."

ಜನವರಿಯ ಬೂಯಾ ಮುಗಿದ ಮಧ್ಯಾಹ್ನ ನಾನು ಅಂಗಳದಲ್ಲಿ ಕೂತು ಮೂರನೆಯ ಹಂಡೆಯನ್ನು ಉಜ್ಜುತ್ತಿದ್ದೆ. ಬಿಸಿನೀರು ಸುರಿದರೆ ತಳ ಮುಟ್ಟುವ ಮೊದಲೇ ತಣ್ಣಗಾಗುತ್ತಿತ್ತು. ಲಿಯೋನಾ ಕಾಫಿ ತಂದುಕೊಟ್ಟು, ಕೈಚೀಲದಿಂದ ಎರಡು ಲಕೋಟೆ ತೆಗೆದು, ಒಂದನ್ನು ನನ್ನ ಎಡಕ್ಕೆ ಒಂದನ್ನು ಬಲಕ್ಕೆ ಹಿಡಿದು ತೋರಿಸಿದರು. ಗಡಿಯಾರದ ಕಥೆ ಹೇಳಿದರು. ನಾನು ಉಜ್ಜುವುದನ್ನು ಬಿಟ್ಟು ಕಾಫಿಯನ್ನು ಕೆಳಗಿಟ್ಟೆ.

"ನಿಮಗೆ ಯಾವಾಗ ಗೊತ್ತಾಯಿತು?" ಎಂದೆ.

"ಆರ್ವಿಲ್ ಮಾರ್ಸೆಲನನ್ನ ಬೇಡ ಅಂದ ಹೊತ್ತಿಗೇ. ಮಾರ್ಸೆಲನನ್ನ ಬಿಟ್ಟು ಇವರು ಸ್ವರ್ಗಕ್ಕೂ ಹೋಗೋರಲ್ಲ."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ಹೇಳೋಣ ಅಂತ ಎದ್ದೆ. ಆರ್ವಿಲ್ ಮುಖ ನೋಡಿದೆ. ಐವತ್ತೆಂಟು ವರ್ಷದಲ್ಲಿ ಮೊದಲನೇ ಸಲ ಯಾರನ್ನೂ ಕೇಳದೆ ಒಂದು ಕೆಲಸ ಮಾಡ್ತಿದ್ದ. ಇವರು ಇದ್ದಿದ್ದರೆ ಇವರೂ ಸುಮ್ಮನಿರೋರು, ಆಮೇಲೆ ಒಂದು ವರ್ಷ ನಗೋರು." ಅವರು ಲಕೋಟೆಗಳನ್ನು ಚೀಲಕ್ಕೆ ಹಾಕಿಕೊಂಡರು. "ಅವನಿಗೆ ಹೇಳಬೇಡಿ ಕ್ಲೆಮ್."

ನಾನು ಹೇಳಿಲ್ಲ. ಈಗ ನಮ್ಮೂರಲ್ಲಿ ಯಾರನ್ನು ಕೇಳಿದರೂ ದಪ್ಪ ಮನುಷ್ಯನನ್ನು ಮೊದಲ ಸುತ್ತಿನಲ್ಲೇ ಆರಿಸಬೇಕು, ಇದು ನಾರ್ಬರ್ಟ್ ಡೆಲ್ವೋನ ಕೊನೆಯ ಉಪದೇಶ ಎನ್ನುತ್ತಾರೆ. ಆರ್ವಿಲ್ ಹೊಸಬರಿಗೆ ಅದನ್ನು ವಿವರಿಸಿ ಹೇಳುತ್ತಾನೆ, ಕುರ್ಚಿಯ ಬೆನ್ನಿನ ಮೇಲಿನ ಹೆಸರನ್ನು ಮುಟ್ಟಿ ಹೇಳುತ್ತಾನೆ.

ಆ ಮಧ್ಯಾಹ್ನ ಲಿಯೋನಾ ಮನೆಗೆ ಹೋದ ಮೇಲೆ ನಾನು ಹಂಡೆಯನ್ನು ಮಗುಚಿಟ್ಟು, ಇಳಿಜಾರಿನಲ್ಲಿ ಕೋಲೂರಿಕೊಂಡು ನಿಧಾನವಾಗಿ ನಾರ್ಬರ್ಟನ ಸಮಾಧಿಯವರೆಗೆ ನಡೆದೆ. ಹಿಮದ ಮೇಲೆ ನಿಂತು, ಬಾಯಿಗೆ ಬಂದದ್ದನ್ನು ಹೇಳಿದೆ.

ಕರ್ತನೇ, ಎದುರಿಗೆ ನಿಂತಿದ್ದ ಮುದುಕ ನಾನು, ನನ್ನನ್ನು ಬಿಟ್ಟು ನಮ್ಮ ದಪ್ಪ ಮನುಷ್ಯನನ್ನು ನೀನು ಮೊದಲ ಸುತ್ತಿನಲ್ಲೇ ಆರಿಸಿಕೊಂಡೆ. ನಾವೆಲ್ಲ ಅವನು ಕೊನೆಯವರೆಗೆ ನಮಗೇ ಉಳಿಯುತ್ತಾನೆ ಎಂದುಕೊಂಡಿದ್ದೆವು. ನಿನ್ನ ಆಯ್ಕೆಯಲ್ಲಿ ತಪ್ಪು ಹುಡುಕುವಷ್ಟು ಆಟ ನನಗೆ ಗೊತ್ತಿಲ್ಲ. ಆದರೆ ಅವನನ್ನು ನಿನ್ನ ಬಳಿಗೆ ಓಡಿಸಿ ತಂದೆವು, ಅದನ್ನು ಕ್ಷಮಿಸು. ಇನ್ನು ಅವನು ಎಲ್ಲಿಗೂ ಅವಸರಪಡಬೇಕಾಗಿಲ್ಲದಂತೆ ಮಾಡು. ಅವನ ಭಾರ ತಡೆಯುವ ಒಂದು ಕುರ್ಚಿ ಕೊಡು, ಅದರ ಬೆನ್ನಿಗೆ ಅವನ ಹೆಸರು ಬರೆಸು. ನಾವು ಬಂದು ಸೇರುವವರೆಗೆ ನಿನ್ನ ಬೆಳಕಿನಲ್ಲಿ ಅವನ ಆತ್ಮ ಸುಖವಾಗಿ ಕುಳಿತಿರಲಿ. ಆಮೆನ್.